ಒಂದೆಳೆಯೂ ಉಳಿಯದ ಹತ್ತಿ

"ಗುರುಗಳೇ, ನಾಳೆಯಿಂದ ಸಾಯುವ ತನಕ ನಾನು ಮಾತು ಬಿಟ್ಟುಬಿಡಲೇ?" ಎಂದು ಮರುಳಯ್ಯ ಕೇಳಿದ.

ಗುರುಗಳು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾಕೆ, ಮಾತೇ ನಿನ್ನನ್ನು ಬಿಡುತ್ತೇನೆ ಅಂತ ಹೇಳಿತೇ?" ಎಂದರು.

ಮರುಳಯ್ಯನಿಗೆ ನಗು ಬಂತು. ಬಂದ ನಗುವನ್ನು ಕಂಡು ಅವನಿಗೇ ಭಯವಾಯಿತು. ಅವನ ರೋಗವೇ ಅದು.

ಮೂರು ವರ್ಷದ ಹಿಂದೆ ಮಠದ ಪಂಕ್ತಿಯಲ್ಲಿ ಅವನು ಒಬ್ಬ ಜೊತೆಗಾರನನ್ನು ಅಣಕಿಸಿದ್ದ. ಆ ಜೊತೆಗಾರನಿಗೆ ತೊದಲು. ಅವನು ಸಾರು ಕೇಳುವಷ್ಟರಲ್ಲಿ ಮರುಳಯ್ಯ ಅವನ ಧ್ವನಿಯಲ್ಲೇ ಸಾರು, ಪಲ್ಯ, ಮಜ್ಜಿಗೆ ಎಲ್ಲವನ್ನೂ ತೊದಲಿ ತರಿಸಿದ. ಕೂತ ಮೂವತ್ತು ಜನ ನಕ್ಕರು. ಜೊತೆಗಾರ ಎಲೆ ಮಡಚಿ ಎದ್ದುಹೋದ. ಮತ್ತೆ ಮಠದ ಕಡೆ ತಲೆ ಹಾಕಲಿಲ್ಲ.

ಮರುಳಯ್ಯ ನಾಲ್ಕು ದಿನ ನಡೆದು ಅವನ ಊರಿಗೆ ಹೋಗಿ ಕಾಲು ಹಿಡಿದ. ಆತ ಕ್ಷಮಿಸಿದ. ಊಟವನ್ನೂ ಹಾಕಿ ಕಳಿಸಿದ. ಆದರೆ ಮರುಳಯ್ಯ ತನ್ನನ್ನು ತಾನು ಕ್ಷಮಿಸಲಿಲ್ಲ. ಮೊದಲ ವರ್ಷ ಉಪ್ಪು ಬಿಟ್ಟ. ಎರಡನೆಯ ವರ್ಷ ರಾತ್ರಿಯೂಟ ಬಿಟ್ಟ. ಮೂರನೆಯ ವರ್ಷ ಚಾಪೆ ಬಿಟ್ಟ. ಬಿಡುವುದಕ್ಕೆ ಇನ್ನೇನೂ ಕಾಣದೆ ಈಗ ಮಾತಿಗೆ ಬಂದಿದ್ದ.

"ಎಷ್ಟು ಸುಟ್ಟರೂ ಹೋಗುತ್ತಿಲ್ಲ ಗುರುಗಳೇ. ನಿನ್ನೆ ಅಡುಗೆಯವರು ಸೌಟು ಹುಡುಕುತ್ತಿದ್ದರು. ಸೌಟು ಅವರ ಕೈಯಲ್ಲೇ ಇತ್ತು. 'ಆ ಸೌಟಿನಿಂದಲೇ ಕೆದಕಿ ನೋಡಿ, ಸಿಕ್ಕರೂ ಸಿಗಬಹುದು' ಅಂದುಬಿಟ್ಟೆ. ಅವರೂ ನಕ್ಕರು, ಅದು ಬೇರೆ. ಆದರೆ ಅದೇ ನಾಲಿಗೆ, ಅದೇ ಕೊಂಕು. ಹಳೆಯ ಮರುಳಯ್ಯ ಒಳಗೆ ಹಾಗೇ ಕೂತಿದ್ದಾನೆ. ಅಪ್ಪಣೆ ಕೊಟ್ಟರೆ ಬಾಯಿಗೆ ಬೀಗ ಹಾಕುತ್ತೇನೆ."

"ಅಪ್ಪಣೆ ಆಮೇಲೆ. ಮೊದಲು ಒಂದು ಕತೆ ಕೇಳು," ಎಂದು ಗುರುಗಳು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನಲ್ಲಿಗೆ, ಕಪ್ಪೆಚಿಪ್ಪನ್ನು ಭಟ್ಟಿಯಲ್ಲಿ ಬೇಯಿಸಿ ಸುಣ್ಣ ಮಾಡುವವನೊಬ್ಬ ಬಂದ. ಸುಣ್ಣದ ಖಾರಕ್ಕೆ ಅವನ ಎರಡೂ ಅಂಗೈ ಬಿರಿದಿದ್ದವು. ಅನ್ನ ಕಲಸಿದರೆ ಅನ್ನ ಕೆಂಪಾಗುತ್ತಿತ್ತು. ಹೆಂಡತಿ ಉಣಿಸುತ್ತಿದ್ದಳು. ಕೈ ವಾಸಿಯಾಗದಿದ್ದರೆ ಭಟ್ಟಿಯನ್ನು ಬೇರೆಯವರಿಗೆ ಬಿಡಬೇಕಾಗಿತ್ತು.

ಅದಕ್ಕೆ ಮದ್ದು ಸತುವಿನ ಭಸ್ಮ. ಅದು ಬೆರಳಿನ ಗೆರೆಯೊಳಗೆ ಇಳಿಯುವಷ್ಟು ನುಣ್ಣಗಿರಬೇಕು. ಅಷ್ಟು ನುಣುಪು ಅರೆದರೆ ಬರುವುದಿಲ್ಲ. ಹಿಂದಿನವರು ಬೇರೊಂದು ದಾರಿ ಕಂಡಿದ್ದರು. ಸತುವನ್ನು ನಿಂಬೆಹುಳಿಯಲ್ಲಿ ಕರಗಿಸಬೇಕು. ಆ ಹುಳಿಯಲ್ಲಿ ಹತ್ತಿಯನ್ನು ನೆನೆಸಿ ಒಣಗಿಸಬೇಕು. ಮಣ್ಣಿನ ಬೋಗುಣಿಯಲ್ಲಿಟ್ಟು ಸುಡಬೇಕು. ಹತ್ತಿ ಉರಿದುಹೋಗುತ್ತದೆ, ನವಿರಾದ ಭಸ್ಮ ಉಳಿಯುತ್ತದೆ.

ವೈದ್ಯನ ಗುರು ಇದನ್ನು ಬಾಯಲ್ಲಿ ಹೇಳಿದ್ದ. ಮಾಡಿ ತೋರಿಸುವ ಮುಂಚೆ ತೀರಿಕೊಂಡಿದ್ದ. ಎರಡು ಮಾತನ್ನು ಮಾತ್ರ ಒತ್ತಿ ಹೇಳಿದ್ದ. ಹತ್ತಿ ಒಂದೆಳೆಯೂ ಉಳಿಯಬಾರದು. ಮದ್ದು ಆಗುವ ತನಕ ಕೈಯಿಂದ ಮುಟ್ಟಬಾರದು.

ವೈದ್ಯ ಒಂದು ದಿನ ಸುಟ್ಟು ಬೋಗುಣಿ ತೆರೆದ. ಹತ್ತಿ ಹತ್ತಿಯಾಗಿಯೇ ಇತ್ತು. ಬೆಳ್ಳಗೆ, ಎಳೆಎಳೆಯಾಗಿ, ಇಟ್ಟ ಹಾಗೇ. ಉರಿ ಸಾಲದೆಂದು ಮತ್ತೆ ಸುಟ್ಟ. ಮತ್ತೆ ತೆರೆದ. ಹತ್ತಿ ಅವನನ್ನೇ ನೋಡುತ್ತಿತ್ತು. ಹೀಗೆ ಐದು ದಿನ. ಆರನೆಯ ದಿನ ಅದು ಕುಗ್ಗಿ ಗಂಟಾಗಿತ್ತು. ಇಷ್ಟಾದ ಮೇಲೆ ಆಗಿರಲೇಬೇಕೆಂದು ಒಡೆದರೆ ಮರಳು. ಸುಣ್ಣದವನ ಅಂಗೈಗೆ ತಿಕ್ಕಿದ. ಇದ್ದ ಚರ್ಮವೂ ಎದ್ದುಬಂತು.

"ಒಳಗೆ ಇನ್ನೂ ಹತ್ತಿ ಉಳಿದಿದೆ. ಚುಚ್ಚುತ್ತಿರುವುದು ಅದೇ," ಎಂದ ವೈದ್ಯ.

ಎರಡನೆಯ ಸಲ ಹೊಸ ಹತ್ತಿ ನೆನೆಸಿ ಹತ್ತು ದಿನ ಸುಟ್ಟ. ಈ ಸಲ ಮರಳಲ್ಲ, ಕಲ್ಲು. ಇನ್ನೊಂದು ವಾರ ಸುಟ್ಟಿದ್ದರೆ ಮನೆ ಕಟ್ಟಬಹುದಿತ್ತು.

ಮೂರನೆಯ ಸಲ ಇಪ್ಪತ್ತು ದಿನಕ್ಕಾಗುವಷ್ಟು ಸೌದೆ ತರಿಸಿದ. ಒಂದು ದಿನದ ಉರಿ ಮುಗಿದು ಬೋಗುಣಿ ಆರಿತ್ತು. ಆಗ ಸುಣ್ಣದವನು ಬಂದ. ಭಟ್ಟಿಯನ್ನು ಬಾವಮೈದನಿಗೆ ಬಿಟ್ಟುಕೊಡುತ್ತೇನೆ, ಇನ್ನು ನನಗಾಗಿ ಕಷ್ಟಪಡಬೇಡಿ ಎಂದು ಹೇಳುವುದಕ್ಕೆ ಬಂದಿದ್ದ. ಸೌದೆಯ ರಾಶಿ ನೋಡಿ ನಿಂತ.

"ಯಾರು ತೀರಿಕೊಂಡರು ಪಂಡಿತರೇ?"

"ಇನ್ನೂ ತೀರಿಕೊಂಡಿಲ್ಲ, ಅದೇ ಕಷ್ಟ. ನೋಡು ಈ ಹತ್ತಿಯನ್ನು. ಒಂದೆಳೆಯೂ ಹೋಗಿಲ್ಲ."

ಸುಣ್ಣದವನು ಬಗ್ಗಿ ನೋಡಿದ. "ಮುಟ್ಟಿ ನೋಡಿದಿರಾ?"

"ಆಗುವ ತನಕ ಮುಟ್ಟಬಾರದು."

"ಮುಟ್ಟದೆ ಆಯಿತು ಅಂತ ಹೇಗೆ ಗೊತ್ತಾಗುತ್ತೆ?"

"ಕಣ್ಣಿಲ್ಲವೇನಯ್ಯಾ? ನೋಡಿದರೆ ಗೊತ್ತಾಗುತ್ತದೆ."

"ನೋಡಿದರೆ ನಮ್ಮ ಚಿಪ್ಪೂ ಬೆಂದ ಮೇಲೆ ಚಿಪ್ಪಿನ ಹಾಗೇ ಇರುತ್ತೆ ಸ್ವಾಮಿ, ಗೆರೆ ಸಮೇತ. ಕಣ್ಣನ್ನು ನಂಬಿ ಇನ್ನೂ ಉರಿ ಕೊಟ್ಟಿರೋ, ಕೆಟ್ಟಿತು. ಆಮೇಲೆ ನೀರು ಹುಯ್ದರೂ ಅರಳಿ ಸುಣ್ಣದ ಪುಡಿಯಾಗಲ್ಲ. ನಾವು ಒಂದು ಚಿಪ್ಪು ತೆಗೆದು ನೀರು ಚಿಮುಕಿಸಿ ನೋಡ್ತೀವಿ."

ಹೇಳುತ್ತಲೇ ಬಿರಿದ ಬೆರಳನ್ನು ಬೋಗುಣಿಗೆ ಇಟ್ಟ. ವೈದ್ಯ ಕೈ ಹಿಡಿಯಲು ಹೋದ. ಅಷ್ಟರಲ್ಲಿ ಆಗಿಹೋಗಿತ್ತು.

ಅಲ್ಲಿ ಹತ್ತಿ ಇರಲಿಲ್ಲ. ಹತ್ತಿಯ ಆಕಾರವಿತ್ತು. ಬೆರಳು ತಾಗಿದ್ದೇ ಅದೂ ಕುಸಿಯಿತು. ಬಿಳಿ ಪುಡಿ ಬೆರಳಿನ ಗೆರೆಗಳಿಗೆ ಇಳಿಯಿತು, ಬಿರುಕುಗಳಿಗೆ ಇಳಿಯಿತು. ಉಜ್ಜಿದರೂ ಹೋಗಲಿಲ್ಲ. ಎಲ್ಲೂ ಚುಚ್ಚಲಿಲ್ಲ. ಸುಣ್ಣದವನು ಬೆರಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಹತ್ತಿ ಮೊದಲ ದಿನವೇ ಹೋಗಿದೆ ಪಂಡಿತರೇ. ಆಮೇಲೆ ನೀವು ಸುಟ್ಟಿದ್ದು ನನ್ನ ಮದ್ದನ್ನ."

ವೈದ್ಯ ಸೌದೆಯ ರಾಶಿಯ ಮೇಲೆಯೇ ಕೂತ. ಕೂತವನು ನಗತೊಡಗಿದ. ನಗು ನಿಂತ ಮೇಲೆ ಎದ್ದು, ಆ ಸೌದೆಯನ್ನೆಲ್ಲ ಸುಣ್ಣದವನ ಭಟ್ಟಿಗೆ ಕಳಿಸಿದ. ಅದು ಅಲ್ಲಿ ಬೇಕಾಗಿತ್ತು, ಇಲ್ಲಿ ಬೇಕಾಗಿರಲಿಲ್ಲ. ಒಂದು ತಿಂಗಳಿಗೆ ಸುಣ್ಣದವನು ತನ್ನ ಕೈಯಿಂದಲೇ ಅನ್ನ ಕಲಸಿದ. ಅನ್ನ ಬೆಳ್ಳಗೇ ಇತ್ತು. ಮೊದಲ ತುತ್ತನ್ನು ಹೆಂಡತಿಯ ಬಾಯಿಗಿಟ್ಟ.

ಕತೆ ಮುಗಿಸಿ ಗುರುಗಳು ಮತ್ತೆ ಕಾಳಿಗೆ ಕೈ ಹಾಕಿದರು.

ಮರುಳಯ್ಯನ ಎದೆ ಹಗುರಾಗತೊಡಗಿತ್ತು. ಹಗುರಾಗುವುದಕ್ಕೂ ಅವನಿಗೆ ಹೆದರಿಕೆ. ಮೂರು ವರ್ಷ ಹೊತ್ತದ್ದನ್ನು ಒಂದು ಕತೆಗೆ ಇಳಿಸಿಬಿಡುವುದು ಹೇಗೆ ಎಂದು ಮತ್ತೆ ಎತ್ತಿಕೊಂಡ.

"ಆದರೆ ಗುರುಗಳೇ, ಅವನ ಹತ್ತಿ ಹೋಗಿತ್ತು. ನನ್ನದು ಹೋಗಿದೆ ಅಂತ ಯಾವ ಬೆರಳಿಟ್ಟು ನೋಡಲಿ? ಬಾಯಿ ಬಿಟ್ಟರೆ ಹಳೆಯ ಕೊಂಕೇ ಕಾಣುತ್ತದೆ."

ಗುರುಗಳು ಹೇಳಿದರು: "ಅವನ ಕಾಲು ಹಿಡಿದು ಬಂದ ಮೇಲೆ, ಈ ಮೂರು ವರ್ಷದಲ್ಲಿ ನಿನ್ನ ತಮಾಷೆಯಿಂದ ನೊಂದವರದು ಒಂದು ಹೆಸರು ಹೇಳು."

ಮರುಳಯ್ಯ ಬಾಯಿ ತೆರೆದ. ಎಷ್ಟು ಹುಡುಕಿದರೂ ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.