ಹೊಟ್ಟೆನೋವು ಬರೆಯುವ ಕೊಟ್ರ

ಹಾಲಮ್ಮ ಅಂತ ಒಬ್ಬಳಿದ್ದಳು. ಆಕೆಗೊಬ್ಬ ಮಗ, ಕೊಟ್ರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ.

ಹಾಲಮ್ಮ ಆಸ್ಪತ್ರೆಯ ಗೇಟಿನ ಎದುರು ದಿನಾ ನಿಂತೇ ಮಿರ್ಚಿ ಕರಿಯುತ್ತಿದ್ದಳು. ಡಾಕ್ಟರಮ್ಮನ ಕಾಲು ಹಿಡಿದು ಮಗನಿಗೆ ಅಲ್ಲೇ ಒಂದು ಕೆಲಸ ಕೊಡಿಸಿದಳು.

"ಈ ಕೆಲ್ಸನಾದ್ರೂ ಉಳಿಸ್ಕಳೋ ನಮ್ಮಪ್ಪಾ! ನೀನು ಒಂದು ನೆಲೆಗೆ ನಿಂತ್ರೆ ನಾನು ಒಂದಿನ ಕಾಲು ಚಾಚಿ ಮಲಗ್ತೀನಿ!"

"ಆಗ್ಲಿ ಬಿಡವ್ವಾ!"

ಕೆಲಸ ಏನು? ರೋಗಿಯನ್ನು ಕೇಳಿ ನೋವು ಏನು ಅಂತ ಫೈಲಿನಲ್ಲಿ ಬರೆಯುವುದು. ಅದನ್ನು ನೋಡಿ ಮೇಲಿನ ಮಹಡಿಯವರು ರೋಗಗಳ ಪಟ್ಟಿಯಿಂದ ಆ ನೋವಿಗೊಂದು ನಂಬರು ಹಾಕುತ್ತಾರೆ. ನಂಬರು ಸರಿಯಿದ್ದರೆ ಇನ್ಶೂರೆನ್ಸಿನವರು ದುಡ್ಡು ಕೊಡಲು ಒಪ್ಪುತ್ತಾರೆ, ಇಲ್ಲದಿದ್ದರೆ ಫೈಲು ವಾಪಸ್ಸು.

ಮೊದಲ ದಿನ ಬಂದವರಿಗೆಲ್ಲ ಹೊಟ್ಟೆನೋವು. ಕೊಟ್ರ ಎಲ್ಲ ಫೈಲಿನಲ್ಲೂ "ಹೊಟ್ಟೆನೋವು" ಅಂತ ದುಂಡಗೆ ಬರೆದ. ಎಲ್ಲ ಫೈಲೂ ವಾಪಸ್ಸು ಬಂದವು.

"ಲೇ ಕೊಟ್ರಾ! ಹೊಟ್ಟೆ ಅಂದ್ರೆ ಎಲ್ಲಿ? ಮೇಲೋ ಕೆಳಗೋ? ಎಡಕ್ಕೋ ಬಲಕ್ಕೋ?" ಡಾಕ್ಟರಮ್ಮ ಬೈದರು. "ಹೊಟ್ಟೆ ಮೇಲೆ ಅಡ್ಡ ಒಂದು ಗೆರೆ ಎಳಿ, ಉದ್ದ ಒಂದು ಗೆರೆ ಎಳಿ. ನಾಲ್ಕು ಮನೆ ಆಯ್ತು. ನೋವು ಯಾವ ಮನೇಲಿದೆ ಅಂತ ಬರಿ!"

"ಆಗ್ಲಿ ಡಾಕ್ಟ್ರಮ್ಮಾ!"

ಮಾರನೇ ದಿನ ಒಬ್ಬ ಮೇಷ್ಟ್ರು ತಲೆ ಹಿಡಿದುಕೊಂಡು ಬಂದರು. ಕೊಟ್ರ ಅವರ ಅಂಗಿ ಎತ್ತಿದ. ಪೆನ್ನು ತೆಗೆದ. ಹೊಟ್ಟೆಯ ಮೇಲೆ ಅಡ್ಡ ಗೆರೆ ಎಳೆದ, ಉದ್ದ ಗೆರೆ ಎಳೆದ.

"ಈ ಮನ್ಯಾಗೆ ನೋವೈತಾ ಸಾರ್?"

"ಇಲ್ಲಪ್ಪ."

"ಈ ಮನ್ಯಾಗೆ?"

"ಅಲ್ಲೂ ಇಲ್ಲ! ತಲೆ ಕಣಯ್ಯಾ, ತಲೆ!"

"ತಲೆ ಈ ನಾಕು ಮನ್ಯಾಗೂ ಇಲ್ವಲ್ಲ ಸಾರ್!"

"ನೋವಿಲ್ಲ" ಅಂತ ಬರೆದು ಮೇಷ್ಟ್ರನ್ನು ಮನೆಗೆ ಕಳಿಸಿದ.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ರೋಗಿ ತಲೆ ಅಂದ್ರೆ ತಲೆ ಅಂತ ಬರಿಯೋ! ಅವರ ಬಾಯಿಂದ ಏನು ಬರುತ್ತೋ ಅದನ್ನೇ ಬರಿ. ಒಂದಕ್ಷರ ಬಿಡ್ಬೇಡ!"

"ಆಗ್ಲಿ ಡಾಕ್ಟ್ರಮ್ಮಾ!"

ಮರುದಿನ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ಬಂದಳು. "ಅಯ್ಯಯ್ಯೋ, ಸತ್ತೆ ಕಣಪ್ಪಾ! ಸತ್ತೇ ಹೋದೆ!"

ಕೊಟ್ರ ಬರೆದ: "ಸತ್ತೆ. ಸತ್ತೇ ಹೋದೆ."

ಮೇಲಿನ ಮಹಡಿಯವರು ಸತ್ತವರ ನಂಬರು ಹಾಕಿದರು. ಶವದ ಗಾಡಿ ಬಂತು. ಮಾತ್ರೆ ತರಲು ಹೋಗಿದ್ದ ಗಂಡ ಸುದ್ದಿ ಕೇಳಿ ಬಾಗಿಲಲ್ಲೇ ಎದೆ ಬಡಿದುಕೊಂಡು ಅತ್ತ. ಆಕೆ ಬೆಂಚಿನಿಂದ ಕತ್ತು ಉದ್ದ ಮಾಡಿ, "ಪಾಪ, ಯಾರು ಹೋದ್ರಂತೆ?" ಅಂತ ಕೇಳಿದಳು.

"ನಿನ್ನ ಕೈಗೆ ಪೆನ್ನು ಕೊಟ್ಟ ನನಗೆ ಬುದ್ಧಿ ಇಲ್ಲ!" ಡಾಕ್ಟರಮ್ಮ ಕೂಗಿದರು. "ಇನ್ಮೇಲೆ ಫೈಲು ಮೊದಲು ನನ್ನ ಹತ್ರ ಬರ್ಬೇಕು. ನಾನು ಓದಿ ಸರಿ ಅಂದ ಮೇಲೇ ರೋಗಿ ಒಳಗೆ ಬರ್ಬೇಕು. ಇನ್ನೊಂದು ತಪ್ಪು ಮಾಡಿದ್ಯೋ, ಕೆಲಸ ಇಲ್ಲ!"

ಸುದ್ದಿ ಕೇಳಿ ಹಾಲಮ್ಮ ಬಾಣಲೆ ಬಿಟ್ಟು ಓಡಿ ಬಂದಳು. "ಅವರು ಹೇಳ್ದಂಗೆ ಕೇಳೋ, ನಿನ್ನ ದಮ್ಮಯ್ಯ!"

"ಆಗ್ಲಿ ಬಿಡವ್ವಾ!"

ಒಂದು ಮಧ್ಯಾಹ್ನ ಹಾಲಮ್ಮ ಬಾಣಲೆಯ ಮುಂದೆಯೇ ಕುಸಿದಳು. ಕೊಟ್ರ ಓಡಿ ಬಂದ.

"ಯಾವ ಮನೆ ಅವ್ವಾ?"

"ಬಲಕ್ಕೆ ಕೆಳಗಿನ ಮನೆ ಕಣೋ! ಬೆಳಿಗ್ಗೆಯಿಂದ ಚುಚ್ತೈತಿ, ವಾಂತಿನೂ ಆತು! ಒಳಗೆ ಕರ್ಕಂಡ್ ಹೋಗೋ!"

ಅಷ್ಟನ್ನೂ ಬರೆದ. ಒಂದಕ್ಷರ ಬಿಡಲಿಲ್ಲ.

"ನೀನು ಇಲ್ಲೇ ಇರವ್ವಾ! ಫೈಲು ಮೊದ್ಲು!"

ಡಾಕ್ಟರಮ್ಮ ಒಂದು ಆಪರೇಷನ್ನಿನಲ್ಲಿದ್ದರು. ಕೊಟ್ರ ಬಾಗಿಲಲ್ಲಿ ಫೈಲು ಹಿಡಿದು ನಿಂತ. ನಿಂತೇ ನಿಂತ. ಹಾಲಮ್ಮ ಬೀದಿಯಲ್ಲಿ ನರಳಿದಳು. ನರಳಿಯೇ ನರಳಿದಳು.

ಡಾಕ್ಟರಮ್ಮ ಹೊರಗೆ ಬಂದು ಫೈಲು ಓದಿದರು. "ಅಬ್ಬಾ! ಒಂದು ತಪ್ಪೂ ಇಲ್ಲ! ಇದು ಅಪೆಂಡಿಕ್ಸು, ಒಡೆದರೆ ಜೀವಕ್ಕೇ ಅಪಾಯ! ಎಲ್ಲೋ ರೋಗಿ?"

"ಬೀದ್ಯಾಗೆ ಐತಿ ಡಾಕ್ಟ್ರಮ್ಮಾ. ನೀವು ಸರಿ ಅನ್ಲಿ ಅಂತ ಕಾಯ್ತಿದ್ದೆ."

"ಯಾರೋ ಅದು?"

"ನಮ್ಮವ್ವ!"

ಎಲ್ಲರೂ ಓಡಿದರು. ಹೊತ್ತು ತಂದರು, ಕೊಯ್ದರು, ಹೊಲಿದರು. ಹಾಲಮ್ಮ ಉಳಿದಳು. ಅವಳ ಆಯಸ್ಸು ಗಟ್ಟಿಯಿತ್ತು, ಅಷ್ಟೇ.

"ಕೇಳಿಸ್ಕೋ ಕೊಟ್ರಾ, ಇದೇ ಕೊನೆ! ಫೈಲು ಇದ್ದಲ್ಲಿ ರೋಗಿ ಇರ್ಬೇಕು, ರೋಗಿ ಇದ್ದಲ್ಲಿ ಫೈಲು ಇರ್ಬೇಕು. ಎರಡನ್ನೂ ಬೇರೆ ಮಾಡಿದ್ಯೋ, ಆವತ್ತೇ ನಿನ್ನ ಕೆಲಸ ಹೋಯ್ತು!"

"ಆಗ್ಲಿ ಡಾಕ್ಟ್ರಮ್ಮಾ!"

ಹಾಲಮ್ಮ ವಾಸಿಯಾಗಿ ಮನೆಗೆ ಹೋಗುವ ದಿನ ಬಂತು. ಡಾಕ್ಟರಮ್ಮ ಬಂದು ನೋಡಿದರೆ ಹಾಸಿಗೆ ಖಾಲಿ. ಮನೆಗೆ ಬೀಗ. ಬಾಣಲೆ ತಣ್ಣಗಿತ್ತು. ಆಸ್ಪತ್ರೆಯೆಲ್ಲ ಹುಡುಕಿ, ಕೊನೆಗೆ ಮುಗಿದ ಫೈಲುಗಳನ್ನು ಇಡುವ ಹಿಂದಿನ ಕೋಣೆಯ ಬಾಗಿಲು ತೆಗೆದರು.

ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು. ಕೆಳಗಿನ ಹಲಗೆಯ ಮೇಲೆ, ಫೈಲುಗಳ ಸಾಲಿನಲ್ಲಿ, ತನ್ನ ಫೈಲನ್ನೇ ತಲೆದಿಂಬು ಮಾಡಿಕೊಂಡು ಹಾಲಮ್ಮ ಮಲಗಿದ್ದಳು.

"ಇದೇನು ಹಾಲಮ್ಮಾ! ಎದ್ದು ಹೊರಗೆ ಬಾ!"

"ಸುಮ್ನಿರಿ ಡಾಕ್ಟ್ರಮ್ಮಾ. ನಾನು ಎದ್ರೆ ಅವನ ಕೆಲ್ಸ ಹೋಗ್ತೈತಿ. ಹೆಂಗೂ ಕಾಲು ಚಾಚಿದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಕೊಟ್ರ ಕಾಣಿಸಿಕೊಂಡ. ಮತ್ತೆ ಬಂದು ತಲೆನೋವು ವಾಸಿ ಮಾಡಿಸಿಕೊಂಡಿದ್ದ ಮೇಷ್ಟ್ರು ಅವನ ಹೆಗಲ ಮೇಲೆ ಕೈಕಾಲು ಬಡಿಯುತ್ತಿದ್ದರು.

"ಅವ್ವಾ, ಒಂಚೂರು ಸರಿ. ಮೇಷ್ಟ್ರ ಫೈಲೂ ಮುಗೀತು!"