ಮುಂದಿನ ಸಾಲಿನ ಪಾತ್ರೆ

ಬೀದರಿನಿಂದ ಕಾರವಾರಕ್ಕೆ ಮನೆ ಸಾಗಿಸಲು ಲಾರಿ, ಟೆಂಪೊ, ಕಾರು ಸಭೆ ಸೇರಿದವು. ಸಾಮಾನು ಲಾರಿಗೆ, ಸ್ಕೂಟರು ಟೆಂಪೊಗೆ, ಮನೆಯವರು ಕಾರಿಗೆ ಎಂದು ತೀರ್ಮಾನವಾಯಿತು.

“ಪಾತ್ರೆಯಮ್ಮ, ನೀವು ನನ್ನಲ್ಲಿ ಬನ್ನಿ. ಇಳಿದ ಕೂಡಲೇ ಹಾಲುಕ್ಕಿಸಬೇಕು. ಸ್ಟೌ ಆಗಲೇ ನನ್ನೊಳಗೆ ಹತ್ತಿ ಕೂತಿದೆ,” ಎಂದಿತು ಕಾರು.

“ಆ ಮಸಿ ಸ್ಟೌ ಪಕ್ಕದಲ್ಲೇ? ಹೊಸ ಮನೆಯಲ್ಲಿ ಮೊದಲ ಮರ್ಯಾದೆ ನನಗೆ. ಲಾರಿಗೂ ನಾನೇ ಮೊದಲು ಹತ್ತುವವಳು!” ಎಂದಿತು ಹಿತ್ತಾಳೆ ಪಾತ್ರೆ.

“ಮೊದಲು ಹತ್ತಿದರೆ ಒಳಗಿನ ಮೂಲೆಗೆ ಹೋಗುತ್ತೀರಿ, ತಾಯಿ,” ಎಂದಿತು ಲಾರಿ.

“ಮೂಲೆಯಲ್ಲವೋ, ಅದು ಮುಂದಿನ ಸಾಲು!”

ಮೊದಲು ಪಾತ್ರೆ ಹತ್ತಿತು. ಅದರ ಹಿಂದೆ ಬೀರು, ಮಂಚ, ಹಾಸಿಗೆ, ಕೊನೆಗೆ ಪೊರಕೆ ಹತ್ತಿದವು.

ಕಾರವಾರದಲ್ಲಿ ಪೊರಕೆಯೇ ಮೊದಲು ಇಳಿಯಿತು. ಹಾಲುಕ್ಕದೆ ಒಂದು ಸಾಮಾನೂ ಒಳಗೆ ಹೋಗುವಂತಿಲ್ಲ. ಮಂಚ ರಸ್ತೆಯಲ್ಲಿ ನಿಂತಿತು, ಬೀರು ಚರಂಡಿಯ ಅಂಚಿನಲ್ಲಿ. “ತಡೆಯಿರಿ, ನಾನು ಬರುತ್ತಿದ್ದೇನೆ!” ಎಂದು ಲಾರಿಯೊಳಗಿಂದ ಪಾತ್ರೆ ಕೂಗುತ್ತಲೇ ಇತ್ತು. ಒಳ್ಳೆಯ ಗಳಿಗೆ ಮಾತ್ರ ತಡೆಯಲಿಲ್ಲ. ಎದುರುಮನೆಯ ಶಾಂತಾಬಾಯಿ ತಮ್ಮ ಚಹಾದ ಪಾತ್ರೆ ತಂದುಕೊಟ್ಟರು. ಮಸಿ ಸ್ಟೌ ಮೇಲೆ, ಕಿವಿ ಮುರಿದ ಆ ಪಾತ್ರೆಯಲ್ಲೇ ಹಾಲುಕ್ಕಿತು.

ಹಿತ್ತಾಳೆ ಪಾತ್ರೆ ಕೊನೆಗೆ ಇಳಿದಾಗ ಮನೆಯೊಡತಿ ಓಡಿಬಂದು ಎರಡೂ ಕೈಯಲ್ಲಿ ಎತ್ತಿಕೊಂಡಳು. ಚೆಲ್ಲಿದ ಹಾಲು ಒರೆಸಿದ ಬಟ್ಟೆ ನೆನೆಹಾಕಲು ಅವಳಿಗೆ ಬೇರೇನೂ ಸಿಕ್ಕಿರಲಿಲ್ಲ.