ಕರಿಸಿದ್ದನ ಎಲೆ

ಪೂಜ್ಯ ನಿರ್ವಾಣಯ್ಯನವರು ಹಳ್ಳದ ದಂಡೆಯ ಮಠದಲ್ಲಿ ವಾಸವಾಗಿದ್ದರು. ಮಠವೆಂದರೆ ಏನು ಮಹಾ, ಎರಡಂಕಣದ ಮಣ್ಣಿನ ಮಾಳಿಗೆ ಮನೆ, ಮುಂದೊಂದು ಬೇವಿನಮರ. ಆದರೂ ಮಧ್ಯಾಹ್ನದ ಪ್ರಸಾದಕ್ಕೆ ಬಂದವರು ಅಲ್ಲಿಂದ ಹಸಿದು ಹೋದದ್ದಿಲ್ಲ.

ಕಂಬಳಿ ನೇಯುವ ಮಾಳಪ್ಪ, ಕರಿಸಿದ್ದ ಚಿಕ್ಕಂದಿನ ಗೆಳೆಯರು. ಕುಡಿತದಲ್ಲೂ ಜೋಡಿಯೇ. ಸೋತು ಸುಣ್ಣವಾದ ಮೇಲೆ ಒಂದು ದಿನ ಇಬ್ಬರೂ ಇನ್ನು ಕುಡಿಯುವುದಿಲ್ಲವೆಂದು ಪೂಜ್ಯರ ಪಾದ ಹಿಡಿದು ಆಣೆ ಮಾಡಲು ಹೋದರು. ಪೂಜ್ಯರು ಆಣೆ ಮಾಡಿಸಿಕೊಳ್ಳಲಿಲ್ಲ.

"ದಿನಾ ಇಲ್ಲೇ ಜೋಡಿ ಕೂತು ಉಣ್ರಿ. ಒಬ್ಬ ಬರದಿದ್ರ ಇನ್ನೊಬ್ಬ ತುತ್ತು ಎತ್ತಬ್ಯಾಡ್ರಿ. ಹೋಗಿ ಕರ್ಕೊಂಡು ಬರ್ರಿ" ಎಂದರು, ಅಷ್ಟೇ.

ಹಾಗೇ ನಡೆಯಿತು. ಕುಡಿತವಿಲ್ಲದೆ ಮೈ ನಡುಗಿದಾಗ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಧೂಳು ಹಿಡಿದಿದ್ದ ಮಗ್ಗಗಳು ಮತ್ತೆ ಸದ್ದು ಮಾಡಿದವು. ಕರಿಸಿದ್ದನ ಹೆಂಡತಿ ಗೌರವ್ವ ಎಷ್ಟೋ ಕಾಲದ ಮೇಲೆ ನಕ್ಕಳು.

ಆಮೇಲೊಂದು ದಿನ ಗೆಳೆಯರ ನಡುವೆ ಯಾವುದೋ ಕೆಲಸಕ್ಕೆ ಬಾರದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಮರುದಿನ ಪಂಕ್ತಿಯಲ್ಲಿ ಕರಿಸಿದ್ದನ ಎಲೆ ಖಾಲಿ. ಮಾಳಪ್ಪನಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಬರ್ತಾನ ಬಿಡು, ಸಣ್ಣ ಕೂಸೇನು, ಎಂದುಕೊಂಡು ಉಂಡೆದ್ದ.

ಸಂಜೆ ಹಳ್ಳದಲ್ಲಿ ಕರಿಸಿದ್ದನ ಹೆಣ ಸಿಕ್ಕಿತು. ಕುಡಿದು ದಾಟುವಾಗ ಬಿದ್ದಿದ್ದ, ಪಾಪ. ಗೌರವ್ವ ಅಳಲಿಲ್ಲ. ಮಾಳಪ್ಪನ ಮುಖವನ್ನೇ ನೋಡಿದಳು.

"ಯಣ್ಣಾ, ಇವತ್ತ ನೀ ಕರಿಯಾಕ ಬರಲಿಲ್ಲಲ್ಲ" ಎಂದಳು.

ಗೆಳೆಯನಿಗೆ ಮಣ್ಣು ಕೊಟ್ಟ ಮಾಳಪ್ಪ ನೆಟ್ಟಗೆ ಮಠಕ್ಕೆ ಬಂದು ನಿಂತ.

"ಅಜ್ಜಾರ, ನಿಮ್ಮ ಮಾತು ನಂಬಿದ್ವಿ. ಏನಾತು? ನಾನೂ ಕುಡದು ಸಾಯ್ತೀನಿ, ನನ್ನ ಆಸೆ ಬಿಡ್ರಿ."

ಪೂಜ್ಯರು ತಲೆಯೆತ್ತಿ ಅವನನ್ನು ನೋಡಿದರು. ಅವರ ಕಣ್ಣುಗಳು ತುಂಬಿದ್ದವು.

"ಆ ಎಲಿ ಖಾಲಿ ಇದ್ದದ್ದು ನಾನೂ ಕಂಡೆ, ಮಾಳಪ್ಪಾ. ಕಂಡೂ ಉಂಡೆ" ಎಂದರು.

ಮಾಳಪ್ಪ ಮುಖ ತಿರುಗಿಸಿ ಹೊರಟುಹೋದ.

ಮರುದಿನ ಪೂಜ್ಯರು ಗದ್ದುಗೆ ಬಿಟ್ಟು ಬಂದು ಕರಿಸಿದ್ದನ ಜಾಗದಲ್ಲಿ ಕುಳಿತರು. ಪಕ್ಕದಲ್ಲಿ ಮಾಳಪ್ಪನ ಎಲೆ ಖಾಲಿ. ಬಡಿಸಿದ ಅನ್ನ ಆರಿತು, ಅವರು ಮುಟ್ಟಲಿಲ್ಲ. ಎದ್ದು, ಕೋಲೂರಿಕೊಂಡು, ಉರಿಬಿಸಿಲಲ್ಲಿ ಸಾರಾಯಿ ಅಂಗಡಿಗೇ ನಡೆದರು. ಮಠದ ಸ್ವಾಮಿಗಳು ಅಲ್ಲಿ ಬಂದು ನಿಂತರೆ ಕೂತವರ ಗತಿಯೇನು, ಎಲ್ಲರೂ ದಡಬಡಿಸಿ ಎದ್ದರು. ಮಾಳಪ್ಪ ಏಳಲಿಲ್ಲ. ತುಂಬಿದ ಗ್ಲಾಸು ಅವನ ಮುಂದಿತ್ತು.

"ಹಸಿವಾಗೇತಿ, ಬಾ" ಎಂದರು ಪೂಜ್ಯರು.

ಮಾಳಪ್ಪ ಗ್ಲಾಸನ್ನು ಅಲ್ಲೇ ಬಿಟ್ಟು ಎದ್ದ. ದಾರಿಯುದ್ದಕ್ಕೂ ಅತ್ತ. ಪೂಜ್ಯರು ಅಳಬೇಡವೆನ್ನಲಿಲ್ಲ.

ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದವು. ಕುಡಿತ ಬಿಡಬೇಕೆಂದು ಬಂದವರನ್ನು ಮಾಳಪ್ಪ ಇಂದಿಗೂ ಕರಿಸಿದ್ದನ ಜಾಗದಲ್ಲೇ ಕೂರಿಸಿಕೊಳ್ಳುತ್ತಾನೆ. ಎಂದಾದರೂ ಆ ಎಲೆ ಖಾಲಿ ಉಳಿದರೆ ಮುಪ್ಪಿನ ಕಾಲೆಳೆದುಕೊಂಡು ಹುಡುಕಲು ಹೊರಡುತ್ತಾನೆ.

"ಉಂಡು ಹೋಗು, ಕಾಕಾ" ಎಂದು ಬಡಿಸುವವರು ಕರೆಯುತ್ತಾರೆ.

"ಒಮ್ಮೆ ಹಂಗ ಉಂಡೀನಪ್ಪಾ" ಎನ್ನುತ್ತಾನೆ ಮಾಳಪ್ಪ. "ಆ ತುತ್ತು ಇನ್ನೂ ಇಳದಿಲ್ಲ."